ಸಿಂಬಯಾಟಿಕ್ ನಕ್ಷತ್ರದ ಸುತ್ತಲಿನ ನೀಹಾರಿಕೆ ಹಿಗ್ಗುವುದನ್ನು ನಾವೇ ಅಳೆಯುವುದು ಹೇಗೆ?

ನೀಹಾರಿಕೆಯ ಫೋಟೋ ನೋಡಿದರೆ ಅದು ಯಾವತ್ತೂ ಹಾಗೇ ಇತ್ತು, ಮುಂದೆಯೂ ಹಾಗೇ ಇರುತ್ತದೆ ಅನ್ನಿಸುತ್ತದೆ. ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು. ಆದರೆ ಕುಂಭ ರಾಶಿಯಲ್ಲಿ ಆರ್ ಅಕ್ವೇರಿ ಅಂತ ಒಂದು ನಕ್ಷತ್ರವಿದೆ. ಅದರ ಸುತ್ತಲಿನ ಅನಿಲದ ಮೋಡ ವರ್ಷ ವರ್ಷವೂ ಹಿಗ್ಗುತ್ತಿದೆ. ಬೇರೆ ಬೇರೆ ವರ್ಷ ತೆಗೆದ ಎರಡು ಫೋಟೋ ಇದ್ದರೆ, ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ, ಆ ಹಿಗ್ಗುವಿಕೆಯನ್ನು ಮನೆಯಲ್ಲಿ ಕೂತೇ ಅಳೆಯಬಹುದು. ನಾನು ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ಮನೆಯಿಂದ ಇದನ್ನು ಮಾಡುತ್ತಿದ್ದೇನೆ. ಎಲ್ಲಿ ತಪ್ಪಾಗುತ್ತದೆ, ಎಲ್ಲಿ ಸಮಯ ಹಾಳಾಗುತ್ತದೆ ಅನ್ನೋದೆಲ್ಲ ಮಾಡಿ ಕಲಿತದ್ದು, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಒಂದೇ ವಿಷಯ: ಮೋಡ ಎಷ್ಟು ದೂರದಲ್ಲಿದೆ ಅಂತ ಗೊತ್ತಿಲ್ಲದಿದ್ದರೂ ಅದರ ವಯಸ್ಸು ಹೇಳಬಹುದು. ಖಗೋಳದಲ್ಲಿ ದೂರ ಅನ್ನೋದು ಸದಾ ಕಾಡುವ ತಲೆನೋವು. ಇಲ್ಲಿ ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗಬಹುದು.

ಈ ನಕ್ಷತ್ರಗಳು ಯಾವುವು, ಮೋಡ ಯಾಕೆ ಡಮರುವಿನ ಹಾಗಿದೆ

ಸಿಂಬಯಾಟಿಕ್ ನಕ್ಷತ್ರ ಅಂದರೆ ಜೋಡಿ ನಕ್ಷತ್ರ. ಒಂದು ಕೆಂಪು ದೈತ್ಯ. ವಯಸ್ಸಾಗಿ ಉಬ್ಬಿಕೊಂಡದ್ದು, ಮೇಲ್ಮೈ ಬಿಸಿ ಸುಮಾರು 3,000 ಡಿಗ್ರಿ ಅಷ್ಟೇ. ಇನ್ನೊಂದು ಹೆಚ್ಚಾಗಿ ಶ್ವೇತ ಕುಬ್ಜ. ಗಾತ್ರ ಭೂಮಿಯಷ್ಟು, ತೂಕ ಸೂರ್ಯನಿಗೆ ಹತ್ತಿರ, ಬಿಸಿ ಲಕ್ಷ ಡಿಗ್ರಿಯನ್ನೂ ಮುಟ್ಟಬಹುದು. ಇಂಥ ಜೋಡಿಯ ಬೆಳಕನ್ನು ಬಿಡಿಸಿ ನೋಡಿದರೆ ತಣ್ಣಗಿನ ನಕ್ಷತ್ರದ ಗುರುತುಗಳೂ ಸುಡುವ ಅನಿಲದ ಗುರುತುಗಳೂ ಒಟ್ಟಿಗೇ ಸಿಗುತ್ತವೆ. ಇದನ್ನು ನೋಡಿಯೇ 1940ರ ದಶಕದಲ್ಲಿ ಪಾಲ್ ಮೆರಿಲ್ ಎಂಬ ಅಮೆರಿಕದ ಖಗೋಳಜ್ಞ ಇವನ್ನು ಸಿಂಬಯಾಟಿಕ್, ಅಂದರೆ ಒಟ್ಟಿಗೆ ಬಾಳುವ ನಕ್ಷತ್ರಗಳು ಅಂತ ಕರೆದರು.

ಕೆಂಪು ದೈತ್ಯ ತನ್ನ ಅನಿಲವನ್ನು ನಿಧಾನವಾಗಿ ಹೊರಕ್ಕೆ ಬಿಡುತ್ತಾ ಇರುತ್ತದೆ, ಸೆಕೆಂಡಿಗೆ 10-20 ಕಿಲೋಮೀಟರ್. ಜೊತೆಗಾರ ಪಕ್ಕದಲ್ಲೇ ಸುತ್ತುತ್ತಿರುವುದರಿಂದ ಆ ಅನಿಲ ಎಲ್ಲ ಕಡೆ ಸಮವಾಗಿ ಹರಡುವುದಿಲ್ಲ. ಇಬ್ಬರೂ ಸುತ್ತುವ ಸಮತಲದಲ್ಲಿ ಜಾಸ್ತಿ ಸೇರಿ, ಸೊಂಟಪಟ್ಟಿಯ ಹಾಗೆ ದಪ್ಪಗೆ ಕೂರುತ್ತದೆ. ಸ್ವಲ್ಪ ಭಾಗ ಶ್ವೇತ ಕುಬ್ಜದ ಮೇಲೂ ಬೀಳುತ್ತದೆ. ಬಿದ್ದು ಬಿದ್ದು ಒಂದು ದಿನ ಅದು ಸಿಡಿಯುತ್ತದೆ. ಆಗ ಹೊರಡುವ ಅನಿಲದ ವೇಗ ಸೆಕೆಂಡಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್. ಅದು ಸೊಂಟಪಟ್ಟಿಯನ್ನು ಒಡೆದು ಹೋಗಲಾರದೆ ಮೇಲಕ್ಕೂ ಕೆಳಕ್ಕೂ ನುಗ್ಗುತ್ತದೆ. ಹೀಗೆ ಆಗುವ ಆಕಾರವೇ ಡಮರು. ಬುಡುಬುಡುಕೆಯವರ ಕೈಯಲ್ಲಿ ನೋಡಿರುತ್ತೀರಲ್ಲ, ಅದೇ: ನಡು ಸಣ್ಣ, ಎರಡೂ ಬದಿ ಅಗಲ. ನಡುವಿನ ದಪ್ಪ ಉಂಗುರ ಮಾತ್ರ ನಮಗೆ ಓರೆಯಾಗಿ, ಬಳೆಯನ್ನು ಬದಿಯಿಂದ ನೋಡಿದ ಹಾಗೆ ಕಾಣುತ್ತದೆ.

ಈ ಜಾತಿಯ ನಕ್ಷತ್ರಗಳು ನೂರಾರು ಗೊತ್ತಿವೆ. ಆದರೆ ಫೋಟೋದಲ್ಲಿ ಬಿಡಿಸಿ ಕಾಣುವ ಮೋಡ ಇರುವುದು ಕೆಲವಕ್ಕೆ ಮಾತ್ರ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಕೆಂಪು ದೈತ್ಯ ಮೀರಾ ಜಾತಿಯದು, ಅಂದರೆ ಸುಮಾರು ಒಂದು ವರ್ಷಕ್ಕೊಮ್ಮೆ ಉಬ್ಬಿ ಇಳಿಯುತ್ತಾ ಬೆಳಕು ಏರಿಳಿಯುವಂಥದ್ದು.

ಹೆಜ್ಜೆ 1: ಯಾವುದನ್ನು ಅಳೆಯಬೇಕು

ಮೊದಲ ಸಲ ಮಾಡುವವರು ಆರ್ ಅಕ್ವೇರಿ ಬಿಟ್ಟು ಬೇರೆಯದಕ್ಕೆ ಕೈ ಹಾಕಬೇಡಿ ಅಂತಲೇ ನನ್ನ ಅಭಿಪ್ರಾಯ. ಅದು ನಮಗೆ ಅತಿ ಹತ್ತಿರದ ಸಿಂಬಯಾಟಿಕ್ ಜೋಡಿಗಳಲ್ಲಿ ಒಂದು, ಸುಮಾರು 700 ಜ್ಯೋತಿರ್ವರ್ಷ. ಮೋಡವೂ ದೊಡ್ಡದು, ಮಧ್ಯದಿಂದ ಉಂಗುರದ ತುದಿಗೆ ಸುಮಾರು 42 ಆರ್ಕ್ ಸೆಕೆಂಡ್. ಒಂದು ಆರ್ಕ್ ಸೆಕೆಂಡ್ ಅಂದರೆ ಒಂದು ಡಿಗ್ರಿಯ 3,600ನೇ ಒಂದು ಪಾಲು. ಹತ್ತು ರೂಪಾಯಿ ನಾಣ್ಯವನ್ನು ಐದೂವರೆ ಕಿಲೋಮೀಟರ್ ಆಚೆ ಇಟ್ಟು ನೋಡಿದರೆ ಅಷ್ಟು ಕಾಣುತ್ತದೆ. ನಕ್ಷತ್ರದ ಬೆಳಕು ಏರಿಳಿಯುತ್ತದೆ ಅಂತ 1810ರ ಆಸುಪಾಸಿನಲ್ಲೇ ಹಾರ್ಡಿಂಗ್ ಎಂಬ ಖಗೋಳಜ್ಞ ಕಂಡುಕೊಂಡಿದ್ದರು. ಸುತ್ತ ಮೋಡ ಇದೆ ಅಂತ ಗೊತ್ತಾಗಿದ್ದು ನೂರು ವರ್ಷದ ಮೇಲೆ, 1922ರಲ್ಲಿ, ಲ್ಯಾಂಪ್‌ಲ್ಯಾಂಡ್ ತೆಗೆದ ಫೋಟೋಗಳಿಂದ.

ನಮ್ಮ ಊರಿಂದ ಇದು ಚೆನ್ನಾಗಿ ಸಿಗುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ 13 ಡಿಗ್ರಿ ಉತ್ತರದಲ್ಲಿವೆ. ನಕ್ಷತ್ರ ಇರುವುದು ಆಕಾಶದ ಸಮಭಾಜಕದಿಂದ 15 ಡಿಗ್ರಿ ದಕ್ಷಿಣದಲ್ಲಿ. ಹಾಗಾಗಿ ದಕ್ಷಿಣಕ್ಕೆ ತಿರುಗಿದರೆ 62 ಡಿಗ್ರಿ ಎತ್ತರದವರೆಗೂ ಏರುತ್ತದೆ. ಯುರೋಪಿನವರು ಇದನ್ನು ದಿಗಂತದ ಹತ್ತಿರ, ದಪ್ಪ ಗಾಳಿಯ ಮೂಲಕ ನೋಡಬೇಕು. ಈ ವಿಷಯದಲ್ಲಿ ನಾವೇ ಅದೃಷ್ಟವಂತರು.

ಇನ್ನೊಂದು ಹೆಸರಾಂತ ಮೋಡ ಹೆನ್ 2-104, ಸದರ್ನ್ ಕ್ರ್ಯಾಬ್ ಅಂತಾರೆ, ದಕ್ಷಿಣದ ಏಡಿ. ಒಂದು ಡಮರುವಿನ ಒಳಗೆ ಇನ್ನೊಂದು ಡಮರು. ಹಬಲ್ ಬಾಹ್ಯಾಕಾಶ ದೂರದರ್ಶಕ 1999ರಲ್ಲೂ 2019ರಲ್ಲೂ ಅದರ ಫೋಟೋ ತೆಗೆದಿದೆ. ಆಕಾರ ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಚಿತ್ರ ಇಲ್ಲ. ಆದರೆ ಸಾವಿರಾರು ಜ್ಯೋತಿರ್ವರ್ಷ ದೂರ, ನಮ್ಮಲ್ಲಿ ಬರೀ 25 ಡಿಗ್ರಿ ಎತ್ತರ. ನೋಡಿ ಖುಷಿಪಡಿ, ಅಳೆಯಲು ಬೇಡ.

ಹೆಜ್ಜೆ 2: ಹಳೆಯ ಫೋಟೋ ಹುಡುಕಿ

ಇಲ್ಲಿ ಅವಸರ ಮಾಡಬೇಡಿ. ಎರಡು ಫೋಟೋಗಳ ನಡುವೆ ಎಷ್ಟು ವರ್ಷ ಜಾಸ್ತಿ ಇದ್ದರೆ ಅಷ್ಟು ಒಳ್ಳೆಯದು. ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಆರ್ಕೈವ್ ಎಲ್ಲರಿಗೂ ತೆರೆದಿದೆ, ಹಬಲ್‌ನ ಆರ್ಕೈವ್ ಕೂಡ. ಇಳಿಸಿಕೊಳ್ಳಬೇಕಾದ್ದು ಫಿಟ್ಸ್ ಫೈಲು, ಅಂದರೆ ಖಗೋಳಜ್ಞರು ಬಳಸುವ ಕಚ್ಚಾ ಅಳತೆಯ ಚಿತ್ರ. ಪತ್ರಿಕೆಯಲ್ಲಿ ಬರುವ ಬಣ್ಣದ ಜೆಪೆಗ್ ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಕಣ್ಣಿಗೆ ಚಂದ ಕಾಣಲಿ ಅಂತ ಬೆಳಕನ್ನೆಲ್ಲ ಹಿಗ್ಗಾಮುಗ್ಗಾ ಎಳೆದಿರುತ್ತಾರೆ.

ಹಬಲ್‌ನ ಚಿತ್ರಗಳು ಬಹಳ ಚೊಕ್ಕ, ಆದರೆ ಅದು ನೋಡುವ ಜಾಗ ಚಿಕ್ಕದು. ಹೊರಗಿನ ದೊಡ್ಡ ಡಮರುವಿಗೆ ನೆಲದ ದೂರದರ್ಶಕದ ಚಿತ್ರಗಳೇ ಸರಿ. ಒಳಗಿನ ಚಿಮ್ಮು ಧಾರೆಗೆ, ಅಂದರೆ ನಡುವಿನಿಂದ ರಭಸವಾಗಿ ಚಿಮ್ಮುವ ಅನಿಲಕ್ಕೆ, ಹಬಲ್ ಬೇಕು. 2014ರಿಂದ 2023ರವರೆಗಿನ ಹಬಲ್ ಚಿತ್ರಗಳನ್ನು ಜೋಡಿಸಿ ಮಾಡಿದ ವಿಡಿಯೋ 2024ರಲ್ಲಿ ಹೊರಬಂತು, ಒಮ್ಮೆ ನೋಡಿ. ನಡುವಿನಿಂದ ಸುರುಳಿ ಸುರುಳಿಯಾಗಿ ಹೊರಟ ಎಳೆಗಳು ಕಣ್ಣೆದುರೇ ಸರಿಯುತ್ತವೆ, ಗಂಟೆಗೆ 16 ಲಕ್ಷ ಕಿಲೋಮೀಟರಿಗೂ ಮೇಲೆ.

1950ರ ದಶಕದ ಪಾಲೋಮರ್ ಫೋಟೋ ತಟ್ಟೆಗಳ ಡಿಜಿಟಲ್ ಪ್ರತಿಯೂ ಸಿಗುತ್ತದೆ. ಅಷ್ಟು ವರ್ಷದ ಅಂತರ ಅಂದರೆ ಆಸೆಯಾಗುತ್ತದೆ ಅಲ್ವಾ? ಆದರೆ ನಡುವಿನ ನಕ್ಷತ್ರದ ಬೆಳಕು ತಟ್ಟೆಯ ಮೇಲೆಲ್ಲ ಚೆಲ್ಲಿಕೊಂಡು ಮೋಡದ ಒಳಭಾಗವನ್ನು ನುಂಗಿಬಿಟ್ಟಿದೆ. ಹೋಲಿಸಿ ನೋಡಲು ಅಡ್ಡಿಯಿಲ್ಲ, ಅಳತೆಗೆ ನಾನು ಬಳಸುವುದಿಲ್ಲ.

ಪ್ರತಿ ಫೈಲಿನ ಹೆಡರ್‌ನಲ್ಲಿ (ಚಿತ್ರದ ಮಾಹಿತಿ ಬರೆದಿರುವ ಮೇಲ್ಭಾಗದಲ್ಲಿ) ಮೂರು ವಿಷಯ ನೋಡಿ ಬರೆದಿಟ್ಟುಕೊಳ್ಳಿ: ತೆಗೆದ ದಿನಾಂಕ, ಫಿಲ್ಟರ್, ಒಂದು ಪಿಕ್ಸೆಲ್ ಅಂದರೆ ಎಷ್ಟು ಆರ್ಕ್ ಸೆಕೆಂಡ್ ಅನ್ನೋದು.

ಫಿಲ್ಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕಂದರೆ ನಾನು ಒಂದು ಇಡೀ ಚಳಿಗಾಲ ಕಳೆದುಕೊಂಡದ್ದು ಇದರಿಂದಲೇ. ಜಲಜನಕದ ಕೆಂಪು ಗೆರೆ (ಆ ಅನಿಲ ಸೂಸುವ ಒಂದು ನಿರ್ದಿಷ್ಟ ಬಣ್ಣದ ಬೆಳಕು), ಎಚ್-ಆಲ್ಫಾ, ಇರುವುದು 656.3 ನ್ಯಾನೊಮೀಟರಿನಲ್ಲಿ. ಸಾರಜನಕದ ಗೆರೆ ಅದರ ಪಕ್ಕದಲ್ಲೇ 658.4ರಲ್ಲಿದೆ. ನನ್ನ ಫಿಲ್ಟರ್ 3 ನ್ಯಾನೊಮೀಟರ್ ಅಗಲದ್ದು, ಸಾರಜನಕವನ್ನು ಹೆಚ್ಚುಕಡಿಮೆ ತಡೆಯುತ್ತದೆ. ನಾನು ಇಳಿಸಿಕೊಂಡ ಹಳೆಯ ಚಿತ್ರದ ಫಿಲ್ಟರ್ ಅಗಲದ್ದು, ಎರಡೂ ಗೆರೆ ಸೇರಿಕೊಂಡಿದ್ದವು. ಸಾರಜನಕ ಮೋಡದ ಅಂಚಿನಲ್ಲೇ ಜೋರಾಗಿ ಬೆಳಗುತ್ತದೆ. ಹಾಗಾಗಿ ಹಳೆಯ ಚಿತ್ರದಲ್ಲಿ ಅಂಚು ಆಚೆ, ನನ್ನದರಲ್ಲಿ ಈಚೆ. ಲೆಕ್ಕ ಮಾಡಿದರೆ ಮೋಡ ಕುಗ್ಗುತ್ತಿದೆ ಅಂತ ಬಂತು! ಎರಡು ತಿಂಗಳು ಅಲೈನ್‌ಮೆಂಟ್ ತಪ್ಪಿರಬೇಕು ಅಂತ ಅದನ್ನೇ ಮತ್ತೆ ಮತ್ತೆ ಮಾಡಿದೆ. ತಪ್ಪು ಇದ್ದದ್ದು ಫಿಲ್ಟರಿನಲ್ಲಿ. ಒಂದೇ ಗೆರೆಯನ್ನು, ಹತ್ತಿರ ಹತ್ತಿರ ಅಷ್ಟೇ ಅಗಲದ ಫಿಲ್ಟರಿನಲ್ಲಿ ತೆಗೆದ ಚಿತ್ರಗಳನ್ನು ಮಾತ್ರ ಹೋಲಿಸಿ. ಆಮ್ಲಜನಕದ 500.7 ನ್ಯಾನೊಮೀಟರ್ ಗೆರೆಗೆ ಈ ಪಕ್ಕದ ಮನೆಯ ಕಾಟ ಇಲ್ಲ, ಹೊಸಬರಿಗೆ ಅದೇ ವಾಸಿ.

ಹೆಜ್ಜೆ 3: ಹೊಸ ಫೋಟೋ ನೀವೇ ತೆಗೆಯುವುದಾದರೆ

ಎರಡೂ ಫೋಟೋ ಆರ್ಕೈವ್‌ನದೇ ಆದರೂ ಅಳತೆ ನಡೆಯುತ್ತದೆ, ಈ ಹೆಜ್ಜೆ ಬಿಡಬಹುದು. ಆದರೆ ಒಂದು ತುದಿಯಲ್ಲಿ ನಾವೇ ತೆಗೆದ ಚಿತ್ರ ಇದ್ದರೆ ಅದರ ಸಂತೋಷವೇ ಬೇರೆ.

ಎಂಟು ಇಂಚಿನ ದೂರದರ್ಶಕ, ಅಕ್ಷಕ್ಕೆ ಸರಿಯಾಗಿ ಕೂರಿಸಿದ ಮೌಂಟ್, ತಣ್ಣಗೆ ಮಾಡಬಲ್ಲ ಕ್ಯಾಮೆರಾ, ಮೇಲೆ ಹೇಳಿದ ಸಪೂರ ಫಿಲ್ಟರ್. ಇಷ್ಟು ಸಾಕು. ಒಂದು ಪಿಕ್ಸೆಲ್‌ಗೆ ಎಷ್ಟು ಆರ್ಕ್ ಸೆಕೆಂಡ್ ಅಂತ ತಿಳಿಯಲು 206ನ್ನು ಪಿಕ್ಸೆಲ್ ಗಾತ್ರದಿಂದ (ಮೈಕ್ರಾನ್‌ನಲ್ಲಿ) ಗುಣಿಸಿ, ಫೋಕಲ್ ಲೆಂಗ್ತ್‌ನಿಂದ (ಮಿಲಿಮೀಟರ್‌ನಲ್ಲಿ) ಭಾಗಿಸಿ. 3.76 ಮೈಕ್ರಾನ್ ಪಿಕ್ಸೆಲ್, 1,000 ಮಿಲಿಮೀಟರ್ ಫೋಕಲ್ ಲೆಂಗ್ತ್ ಆದರೆ 0.78 ಬರುತ್ತದೆ. ನಮ್ಮ ಗಾಳಿಗೆ ಇಷ್ಟು ಧಾರಾಳ ಸಾಕು.

ಯಾವಾಗ? ನವೆಂಬರ್ ಮಧ್ಯದಲ್ಲಿ ರಾತ್ರಿ ಎಂಟರ ಸುಮಾರಿಗೆ ನಕ್ಷತ್ರ ನೆತ್ತಿಯ ದಕ್ಷಿಣಕ್ಕೆ ಬಂದಿರುತ್ತದೆ. ಸೆಪ್ಟೆಂಬರ್‌ನಲ್ಲಿ ನಡುರಾತ್ರಿ ಅದೇ ಜಾಗದಲ್ಲಿ ಇರುತ್ತದೆ, ಆದರೆ ಆಗ ಮಲೆನಾಡಿನಲ್ಲಿ ಆಕಾಶ ಅಂತ ಒಂದು ಇದೆ ಅನ್ನೋದೇ ಮರೆತುಹೋಗಿರುತ್ತದೆ. ದೀಪಾವಳಿ ಕಳೆದ ಮೇಲಿನ ಆರೇಳು ವಾರ ನನಗೆ ಹೆಚ್ಚು ಒದಗಿದೆ. ಡಿಫ್ಡಾ ಮತ್ತು ಲ್ಯಾಮ್ಡಾ ಅಕ್ವೇರಿ ನಕ್ಷತ್ರಗಳ ನಡುವೆ ಗೆರೆ ಎಳೆದು, ಅದರ ಮಧ್ಯದಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ ಜಾಗ ಸಿಗುತ್ತದೆ.

ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಿ. ಆರ್ ಅಕ್ವೇರಿಯ ಕೆಂಪು ದೈತ್ಯ ಸುಮಾರು 387 ದಿನಕ್ಕೊಮ್ಮೆ ಏರಿಳಿಯುತ್ತದೆ. ಏರಿದಾಗ ಸುಮಾರು 6ನೇ ಪ್ರಮಾಣ (ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ), ಬೈನಾಕ್ಯುಲರ್‌ಗೆ ಸುಲಭ. ಇಳಿದಾಗ ಸುಮಾರು 11. ಮೋಡದ ಫೋಟೋಗೆ ಇಳಿದ ಸಮಯವೇ ಬೇಕು, ಇಲ್ಲದಿದ್ದರೆ ನಡುವಿನ ಬೆಳಕು ಎಲ್ಲವನ್ನೂ ಮುಚ್ಚುತ್ತದೆ. ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸುವವರ ಎಎವಿಎಸ್ಓ ಸಂಘದ ಬೆಳಕಿನ ನಕ್ಷೆಯನ್ನು ನೋಡಿಕೊಂಡೇ ರಾತ್ರಿ ಆರಿಸಿಕೊಳ್ಳಿ. ಎಕ್ಸ್‌ಪೋಷರ್ ಒಂದೊಂದೂ ಚಿಕ್ಕದಿರಲಿ, ಸಂಖ್ಯೆ ಜಾಸ್ತಿ ಇರಲಿ.

ತೋಟದ ಮನೆಯವರಿಗೆ ಒಂದು ಕಿವಿಮಾತು. ದೂರದರ್ಶಕ ಇಡಲು ಕಾಫಿ ಕಣ ಅಂದರೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಸಮತಟ್ಟು, ಸುತ್ತ ಮರ ಇಲ್ಲ, ಆಕಾಶ ಪೂರ್ತಿ ಕಾಣುತ್ತದೆ. ನಾನೂ ಮೊದಲ ವರ್ಷ ಅಲ್ಲೇ ಇಟ್ಟೆ. ನಕ್ಷತ್ರಗಳೆಲ್ಲ ಕುದಿಯುವ ನೀರಿನಲ್ಲಿ ಬಿದ್ದ ಹಾಗೆ ನಡುಗುತ್ತಿದ್ದವು. ಸಿಮೆಂಟಿನ ಕಣ ಹಗಲಿಡೀ ಬಿಸಿಲು ಕುಡಿದು ರಾತ್ರಿ ಹತ್ತಾದರೂ ಬಿಸಿ ಬಿಡುತ್ತಿರುತ್ತದೆ. ಬರಿಗಾಲಲ್ಲಿ ನಿಂತರೆ ಗೊತ್ತಾಗುತ್ತದೆ. ಹೇಗೂ ಡಿಸೆಂಬರ್ ಹೊತ್ತಿಗೆ ಕಣದ ತುಂಬ ಹಣ್ಣು ಹರಡಿ, ರಾತ್ರಿಗೆ ರಾಶಿ ಮಾಡಿ ಟಾರ್ಪಲ್ ಮುಚ್ಚಿರುತ್ತಾರೆ, ಕಾಲಿಡಲೂ ಜಾಗ ಇರುವುದಿಲ್ಲ. ಹಿಂದಿನ ಹುಲ್ಲಿನ ಮೇಲೆ ಮೂರು ಕಲ್ಲು ಹೂತು ಟ್ರೈಪಾಡ್ ಇಟ್ಟ ಮೇಲೆ ನಕ್ಷತ್ರದ ಚುಕ್ಕಿ ಸಣ್ಣದಾದದ್ದು ಕಣ್ಣಿಗೇ ಗೊತ್ತಾಯಿತು. ಆದರೆ ಹುಲ್ಲಿನ ಮೇಲೆ ಇಬ್ಬನಿ ಜೋರು. ಮಧ್ಯರಾತ್ರಿಗೆ ಲೆನ್ಸಿನಿಂದ ನೀರು ತೊಟ್ಟಿಕ್ಕುತ್ತದೆ. ಮುಂಭಾಗಕ್ಕೆ ಬಿಸಿ ಪಟ್ಟಿ ಸುತ್ತದೆ ಕೂರಬೇಡಿ.

ಹೆಜ್ಜೆ 4: ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವುದು

ಅಳತೆ ಸರಿ ಬರುವುದೂ ಕೆಡುವುದೂ ಇಲ್ಲೇ. ನಿಧಾನಕ್ಕೆ ಓದಿ.

ಸಿರಿಲ್ ಅಥವಾ ಆಸ್ಟ್ರೋಇಮೇಜ್‌ಜೆ, ಎರಡೂ ಉಚಿತ, ಯಾವುದಾದರೂ ಸರಿ. ಮೊದಲು ಎರಡೂ ಚಿತ್ರಗಳಲ್ಲಿ ಹಿನ್ನೆಲೆಯ ನಕ್ಷತ್ರಗಳನ್ನು ಗಾಯಾ ಕ್ಯಾಟಲಾಗ್ (ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ಪಟ್ಟಿ) ಜೊತೆ ಹೊಂದಿಸಿ. ಇದರಿಂದ ಚಿತ್ರದ ಅಳತೆ ಎಷ್ಟು, ಎಷ್ಟು ತಿರುಗಿದೆ ಅನ್ನೋದು ನಿಖರವಾಗಿ ಗೊತ್ತಾಗುತ್ತದೆ. ಅಳತೆಯನ್ನು ಮೋಡದಿಂದ ಹೊಂದಿಸಲೇಬೇಡಿ. ಮೋಡ ಹಿಗ್ಗಿದೆಯಾ ಅಂತ ನೋಡಲು ಹೊರಟವರು ಎರಡು ಮೋಡವನ್ನೂ ಒಂದೇ ಗಾತ್ರಕ್ಕೆ ಎಳೆದು ಕೂರಿಸಿದರೆ ಉಳಿಯುವುದೇನು? ಕೆಲವು ಸಾಫ್ಟ್‌ವೇರ್ ಕೇಳದೆಯೇ ಹೀಗೆ ಮಾಡುತ್ತವೆ, ಯಾವ ಚುಕ್ಕಿಗಳನ್ನು ಆರಿಸಿಕೊಂಡಿದೆ ಅಂತ ನೋಡಿಕೊಳ್ಳಿ.

ಇನ್ನು ನಡುವಿನ ನಕ್ಷತ್ರ. ಅದು ನಿಂತಲ್ಲೇ ನಿಂತಿಲ್ಲ. ಆಕಾಶದಲ್ಲಿ ವರ್ಷಕ್ಕೆ ಸುಮಾರು 0.04 ಆರ್ಕ್ ಸೆಕೆಂಡ್ ಸರಿಯುತ್ತದೆ, ಮೋಡವನ್ನೂ ಜೊತೆಗೆ ಕರೆದುಕೊಂಡು. ಇಪ್ಪತ್ತು ವರ್ಷಕ್ಕೆ 0.8 ಆರ್ಕ್ ಸೆಕೆಂಡ್. ನಾವು ಹುಡುಕುತ್ತಿರುವ ಹಿಗ್ಗುವಿಕೆಯೂ ಅದಕ್ಕಿಂತ ಬಹಳ ದೊಡ್ಡದೇನಲ್ಲ. ಇದನ್ನು ಕಳೆಯದಿದ್ದರೆ ಮೋಡ ಒಂದು ಬದಿಗೆ ಜೋರಾಗಿ, ಇನ್ನೊಂದು ಬದಿಗೆ ನಿಧಾನವಾಗಿ ಹಿಗ್ಗಿದ ಹಾಗೆ ಕಾಣುತ್ತದೆ. ಹಾಗಾಗಿ ಅಳತೆ, ತಿರುಗುವಿಕೆ ಎರಡನ್ನೂ ಹಿನ್ನೆಲೆಯಿಂದ ಸರಿಮಾಡಿ, ಆಮೇಲೆ ಹಳೆಯ ಚಿತ್ರವನ್ನು ನಕ್ಷತ್ರ ಸರಿದಷ್ಟೇ ಸರಿಸಿ. ನಕ್ಷತ್ರದ ಚುಕ್ಕಿಯನ್ನು ಕಣ್ಣಳತೆಯಲ್ಲಿ ಹಿಡಿಯಲು ಹೋಗಬೇಡಿ, ಚಿತ್ರದಲ್ಲಿ ಅದು ಉರಿದು ಬಿಳಿಯಾಗಿ ಹರಡಿರುತ್ತದೆ. ಪ್ರಕಟವಾದ ಚಲನೆಯ ಅಂಕಿ ತೆಗೆದುಕೊಂಡು ಲೆಕ್ಕ ಹಾಕಿ.

ಕೊನೆಗೆ ಎರಡರಲ್ಲಿ ಯಾವುದು ಹೆಚ್ಚು ಚೊಕ್ಕವೋ ಅದನ್ನು ಇನ್ನೊಂದರಷ್ಟೇ ಮಸುಕು ಮಾಡಿ. ಮನಸ್ಸಿಗೆ ನೋವಾಗುತ್ತದೆ, ಗೊತ್ತು. ಆದರೆ ಒಂದು ಚೊಕ್ಕ, ಒಂದು ಮಸುಕು ಇದ್ದರೆ ಅಂಚು ಎಲ್ಲಿದೆ ಅನ್ನೋದೇ ಬದಲಾಗುತ್ತದೆ.

ಹೆಜ್ಜೆ 5: ಅಕ್ಕಿ ರೊಟ್ಟಿ ಲೆಕ್ಕ

ಹಿಗ್ಗುವುದನ್ನು ಅಳೆಯುವ ಉಪಾಯ ನನಗೆ ಸರಿಯಾಗಿ ತಲೆಗೆ ಹೋದದ್ದು ಅಡುಗೆಮನೆಯಲ್ಲಿ. ಅಮ್ಮ ಬಾಳೆಎಲೆ ಮೇಲೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು, ಹಿಟ್ಟಿಗೆ ಜೀರಿಗೆ ಹಾಕಿತ್ತು. ನಾನು ಬಗ್ಗಿ ಜೀರಿಗೆಯನ್ನೇ ನೋಡುತ್ತಾ ನಿಂತಿದ್ದೆ. "ಏನು ಬಿದ್ದಿದೆಯೋ ಅದರಲ್ಲಿ?" ಅಂತ ಕೇಳಿದರು. "ಏನಿಲ್ಲ ಅಮ್ಮ, ಇನ್ನೊಂದು ಸುತ್ತು ತಟ್ಟಿ" ಅಂದೆ. ಮಧ್ಯದಿಂದ 2 ಸೆಂಟಿಮೀಟರ್ ದೂರದಲ್ಲಿದ್ದ ಜೀರಿಗೆ ತಟ್ಟಿದ ಮೇಲೆ ಎರಡೂವರೆಗೆ ಬಂತು. 8ರಲ್ಲಿ ಇದ್ದದ್ದು 10ಕ್ಕೆ ಹೋಯಿತು. ನಡುವಿನದು ಅರ್ಧ ಸೆಂಟಿಮೀಟರ್, ಅಂಚಿನದು ಎರಡು. ಆದರೆ ಎರಡೂ ಒಂದೇ ಸಂಖ್ಯೆಯಿಂದ ಗುಣಿಸಿದ ಹಾಗೆ: 1.25.

ಒಂದೇ ಸಲ ಸಿಡಿದು, ಆಮೇಲೆ ಯಾರ ಅಡ್ಡಿಯೂ ಇಲ್ಲದೆ ಹೊರಟ ಮೋಡವೂ ಹೀಗೇ. ಜೋರಾಗಿ ಹೊರಟದ್ದು ಆಚೆ ಇದೆ, ನಿಧಾನವಾಗಿ ಹೊರಟದ್ದು ಈಚೆ ಇದೆ. ಪ್ರತಿ ತುಣುಕೂ ಮಧ್ಯದಿಂದ ಒಂದೇ ಅಂಶದಲ್ಲಿ, ಅಂದರೆ ಅಷ್ಟೇ ಪಟ್ಟು, ದೂರ ಹೋಗುತ್ತದೆ. ಆ ಅಂಶ ಹಿಡಿದರೆ ಕೆಲಸ ಆಯಿತು.

ಮಾಡುವುದು ಹೀಗೆ. ಹಳೆಯ ಚಿತ್ರವನ್ನು ನಡುವಿನ ನಕ್ಷತ್ರದ ಜಾಗವನ್ನು ಕೇಂದ್ರ ಮಾಡಿಕೊಂಡು 1.010 ಪಟ್ಟು ದೊಡ್ಡದು ಮಾಡಿ. ಹೊಸ ಚಿತ್ರದಿಂದ ಅದನ್ನು ಕಳೆಯಿರಿ. ಮೋಡದ ಅಂಚಿನಲ್ಲಿ ಒಂದು ಬದಿ ಕಪ್ಪು, ಒಂದು ಬದಿ ಬಿಳಿ ಗೆರೆ ಉಳಿಯುತ್ತದೆ. 1.015, 1.020, 1.025 ಹೀಗೆ ಏರಿಸುತ್ತಾ ಹೋಗಿ. ಒಂದು ಕಡೆ ಗೆರೆಗಳು ಹೆಚ್ಚುಕಡಿಮೆ ಮಾಯವಾಗುತ್ತವೆ. ಅದನ್ನೂ ದಾಟಿದರೆ ಕಪ್ಪು-ಬಿಳಿ ಅದಲುಬದಲಾಗಿ ಮತ್ತೆ ಬರುತ್ತವೆ. ಮೊದಲ ಸಲ ಹಾಗೆ ಅದಲುಬದಲಾದದ್ದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕೈಯಾರೆ ಆ ಮೋಡದ ಹಿಗ್ಗನ್ನು ದಾಟಿ ಹೋಗಿ ವಾಪಸ್ ಬಂದಿದ್ದೆ.

ಈಗ ಲೆಕ್ಕ. ಉದಾಹರಣೆಗೆ ಮೊದಲ ಚಿತ್ರ 1991ರದ್ದು, ಎರಡನೆಯದು 2012ರದ್ದು ಅಂತ ಇಟ್ಟುಕೊಳ್ಳಿ, ಗೆರೆ ಮಾಯವಾದದ್ದು 1.032ರಲ್ಲಿ. ನಡುವಿನ ವರ್ಷಗಳನ್ನು, ಅಂಶದಲ್ಲಿ 1 ಕಳೆದು ಉಳಿದದ್ದರಿಂದ ಭಾಗಿಸಿ:

21 ÷ 0.032 = 656 ವರ್ಷ

1991ರಲ್ಲಿ ಮೋಡಕ್ಕೆ ಅಷ್ಟು ವಯಸ್ಸು. ಇದರಲ್ಲಿ ದೂರ ಎಲ್ಲೂ ಬಂದಿಲ್ಲ ನೋಡಿ. ಮೋಡ 500 ಜ್ಯೋತಿರ್ವರ್ಷದಲ್ಲಿದ್ದರೂ 1,000ದಲ್ಲಿದ್ದರೂ ಉತ್ತರ ಇದೇ. ಇದು ಸುಮ್ನೆ ಹಾಕಿದ ಉದಾಹರಣೆಯೂ ಅಲ್ಲ, ವಿಜ್ಞಾನಿಗಳು ಇದೇ ವಿಧಾನದಲ್ಲಿ ಆರ್ ಅಕ್ವೇರಿಯ ದೊಡ್ಡ ಡಮರುವಿಗೆ ಕಂಡುಕೊಂಡ ವಯಸ್ಸೂ ಸುಮಾರು 650 ವರ್ಷವೇ. ಹಿಂದಕ್ಕೆ ಎಣಿಸಿದರೆ 1335ರ ಆಸುಪಾಸು. ಹೊಯ್ಸಳರ ಮೂರನೇ ವೀರಬಲ್ಲಾಳ ಆಗ ಇನ್ನೂ ಬದುಕಿದ್ದ. ಬೇಲೂರಿನ ದೇವಸ್ಥಾನ ಕಟ್ಟಿ ಇನ್ನೂರು ವರ್ಷ ಆಗಿತ್ತು. (ಬೆಳಕು ಇಲ್ಲಿಗೆ ಬರಲೂ ಏಳುನೂರು ವರ್ಷ ಬೇಕು, ಹಾಗಾಗಿ ಇದು ಭೂಮಿಯಿಂದ ನೋಡುವವರ ಕ್ಯಾಲೆಂಡರ್ ಲೆಕ್ಕ.) ಒಳಗಿನ ಚಿಕ್ಕ ಡಮರು ಇದಕ್ಕಿಂತ ಎಷ್ಟೋ ಎಳೆಯದು, ಇನ್ನೂರು ವರ್ಷದ ಆಸುಪಾಸು. ಅಂದರೆ ಆ ಶ್ವೇತ ಕುಬ್ಜ ಒಂದಕ್ಕಿಂತ ಜಾಸ್ತಿ ಸಲ ಸಿಡಿದಿದೆ.

ತಪ್ಪಿನ ಅಂದಾಜನ್ನು ಬಿಡಬೇಡಿ. ಗೆರೆ ಯಾವ ಅಂಶದಿಂದ ಯಾವ ಅಂಶದವರೆಗೆ ಮಾಯವಾಗಿಯೇ ಇರುತ್ತದೆ ಅಂತ ನೋಡಿ. 1.030ರಿಂದ 1.034ವರೆಗೆ ವ್ಯತ್ಯಾಸ ಗೊತ್ತಾಗದಿದ್ದರೆ ವಯಸ್ಸು 618ರಿಂದ 700ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಹಾಗೇ ಬರೆಯಿರಿ. ಮೋಡವನ್ನು ನಾಲ್ಕು ತುಂಡು ಮಾಡಿ ಒಂದೊಂದಕ್ಕೂ ಬೇರೆ ಬೇರೆ ಅಳೆದು ನೋಡುವುದು ಇನ್ನೂ ಒಳ್ಳೆಯದು. ಎದುರುಬದುರು ತುಂಡುಗಳಲ್ಲಿ ಒಂದು ಜಾಸ್ತಿ ಒಂದು ಕಡಿಮೆ ಬಂದರೆ ಹೆಜ್ಜೆ 4ರಲ್ಲಿ ಕೇಂದ್ರ ತಪ್ಪಿದೆ ಅಂತಲೇ ಅರ್ಥ.

ಹೆಜ್ಜೆ 6: ವೇಗ ಬೇಕಾದರೆ

ವಯಸ್ಸಿಗೆ ದೂರ ಬೇಡ, ವೇಗಕ್ಕೆ ಬೇಕು. ಸೂತ್ರ ಒಂದೇ ಸಾಲು:

ಸೆಕೆಂಡಿಗೆ ಕಿಲೋಮೀಟರ್ = 4.74 × ದೂರ (ಪಾರ್ಸೆಕ್‌ನಲ್ಲಿ) × ವರ್ಷಕ್ಕೆ ಸರಿದ ಆರ್ಕ್ ಸೆಕೆಂಡ್

4.74 ಎಲ್ಲಿಂದ ಬಂತು ಅಂದರೆ, ಭೂಮಿಯಿಂದ ಸೂರ್ಯನಷ್ಟು ದೂರವನ್ನು ಒಂದು ವರ್ಷದಲ್ಲಿ ಸಾಗಿದರೆ ಅದು ಸೆಕೆಂಡಿಗೆ 4.74 ಕಿಲೋಮೀಟರ್. ಒಂದು ಪಾರ್ಸೆಕ್ ಅಂದರೆ 3.26 ಜ್ಯೋತಿರ್ವರ್ಷ.

ನಮ್ಮ ಉದಾಹರಣೆಯಲ್ಲಿ 42 ಆರ್ಕ್ ಸೆಕೆಂಡಿನ ಉಂಗುರ 21 ವರ್ಷದಲ್ಲಿ 1.34 ಹಿಗ್ಗಿತು, ವರ್ಷಕ್ಕೆ 0.064. ದೂರ 218 ಪಾರ್ಸೆಕ್ ಅಂತ ತೆಗೆದುಕೊಂಡರೆ ವೇಗ 66. ಈ ದೂರ ರೇಡಿಯೋ ದೂರದರ್ಶಕಗಳ ಜಾಲದಿಂದ ಅಳೆದದ್ದು. 180 ಅಂದರೆ ವೇಗ 55.

ಇಷ್ಟಕ್ಕೇ ಬಿಡದೆ ಇದನ್ನು ತಿರುಗಿಸಿ ಹಾಕಿ ನೋಡಿ. ಸೋಲ್ಫ್ ಮತ್ತು ಉಲ್‌ರಿಖ್ ಎಂಬ ಖಗೋಳಜ್ಞರು 1985ರಲ್ಲಿ ಇದೇ ಮೋಡದ ಬೆಳಕನ್ನು ಬಿಡಿಸಿ, ಗೆರೆಗಳು ಎಷ್ಟು ಸರಿದಿವೆ ಅಂತ ನೋಡಿ, ಉಂಗುರ ಸೆಕೆಂಡಿಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಹಿಗ್ಗುತ್ತಿದೆ ಅಂದರು. ಆ ವೇಗ ಸರಿ ಅಂತಾದರೆ, 55 ÷ (4.74 × 0.064) = 181 ಪಾರ್ಸೆಕ್. ಫೋಟೋದಿಂದ ಕೋನದ ಹಿಗ್ಗು, ಸ್ಪೆಕ್ಟ್ರಮ್‌ನಿಂದ (ಬಿಡಿಸಿದ ಬೆಳಕಿನಿಂದ) ನಿಜವಾದ ವೇಗ, ಎರಡೂ ಸೇರಿ ದೂರ. ಖಗೋಳಜ್ಞರು ದೂರ ಅಳೆಯಲು ಇದನ್ನು ನಿಜವಾಗಿ ಬಳಸುತ್ತಾರೆ. ರೇಡಿಯೋ ಹೇಳುವ 218ಕ್ಕೂ ಇದಕ್ಕೂ ವ್ಯತ್ಯಾಸ ಇದೆಯಲ್ಲ ಅಂತ ಗಾಬರಿ ಬೇಡ. ಮೀರಾ ನಕ್ಷತ್ರದ ಮೈಯೇ ಉಬ್ಬಿ ಇಳಿಯುತ್ತಾ, ಬೆಳಕಿನ ಮಧ್ಯಬಿಂದುವೇ ಅಲುಗುತ್ತಾ ಇರುವಾಗ ಅದರ ದೂರ ಅಳೆಯುವುದು ಗಾಯಾದಂಥ ಉಪಗ್ರಹಕ್ಕೂ ಕಷ್ಟ.

ಸ್ಪೆಕ್ಟ್ರಮ್ ಭಾಗವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. 55 ಕಿಲೋಮೀಟರ್ ವೇಗಕ್ಕೆ 656.3ರ ಗೆರೆ ಸರಿಯುವುದು ಬರೀ 0.12 ನ್ಯಾನೊಮೀಟರ್. ಮಂಕು ಮೋಡದಲ್ಲಿ ಅಷ್ಟು ಸಣ್ಣದನ್ನು ಬಿಡಿಸಿ ನೋಡಲು ದೊಡ್ಡ ಕನ್ನಡಿ ಬೇಕು. ಪ್ರಕಟವಾದ ಅಂಕಿ ಬಳಸಿ.

ಆದರೆ ಓರೆ ಎಷ್ಟು ಅನ್ನೋದನ್ನು ನೀವೇ ನೋಡಬಹುದು. ಒಂದು ಬಳೆ ತಗೊಳ್ಳಿ. ನೇರ ಹಿಡಿದರೆ ವೃತ್ತ, ಪೂರ್ತಿ ಅಡ್ಡ ಹಿಡಿದರೆ ಗೆರೆ. ನಡುವೆ ಎಲ್ಲೋ ಹಿಡಿದಾಗ 10 ಅಗಲ 3 ಎತ್ತರ ಕಂಡರೆ, 3 ÷ 10 ಅನ್ನೋದೇ ಓರೆಯ ಕೊಸೈನ್, ಅಂದರೆ ಸುಮಾರು 72 ಡಿಗ್ರಿ. ಆರ್ ಅಕ್ವೇರಿಯ ಉಂಗುರ ಹೆಚ್ಚುಕಡಿಮೆ ಹೀಗೇ ಬಾಗಿದೆ. ನಮ್ಮ ಕಡೆಗೆ ಬರುವ ವೇಗವನ್ನು ನಿಜವಾದ ವೇಗಕ್ಕೆ ತಿರುಗಿಸಲು ಈ ಕೋನ ಬೇಕೇ ಬೇಕು.

ಎಲ್ಲಿ ಮೋಸ ಹೋಗಬಹುದು

ಅಕ್ಕಿ ರೊಟ್ಟಿ ಲೆಕ್ಕ ಹೊರಗಿನ ಡಮರುವಿಗೆ ಮಾತ್ರ. ಒಳಗಿನ ಚಿಮ್ಮು ಧಾರೆಗೆ ಹಾಕಲೇಬೇಡಿ. ಅಲ್ಲಿ ಹೊಸ ಅನಿಲ ಇನ್ನೂ ಬರುತ್ತಿದೆ, ಹಳೆಯದಕ್ಕೆ ಗುದ್ದುತ್ತಿದೆ, ಒಂದು ಗಂಟು ಮಂಕಾಗುವಾಗ ಪಕ್ಕದ್ದು ಬೆಳಗುತ್ತದೆ. ಮಂಕಾದದ್ದು ಒಂದು, ಬೆಳಗಿದ್ದು ಇನ್ನೊಂದು, ನೋಡುವವರಿಗೆ ಒಂದೇ ಗಂಟು ಓಡಿದ ಹಾಗೆ. ನಡುವೆ ಇನ್ನೂ ಎರಡು ಮೂರು ವರ್ಷದ ಚಿತ್ರಗಳಿದ್ದು, ಗಂಟು ಹೆಜ್ಜೆ ಹೆಜ್ಜೆಗೂ ಸಮವಾಗಿ ಸರಿದಿದ್ದರೆ ಮಾತ್ರ ಅದನ್ನು ಚಲನೆ ಅನ್ನಿ.

ಇದರ ಜೊತೆಗೆ, ಈ ಜೋಡಿ ಸುಮಾರು 44 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲೂ ಕೆಲವು ವರ್ಷ ಕೆಂಪು ದೈತ್ಯದ ಬೆಳಕು ಏರಬೇಕಾದಷ್ಟು ಏರುವುದಿಲ್ಲ. 1930ರ ಆಸುಪಾಸು, 1970ರ ದಶಕದ ಕೊನೆಗೆ ಹೀಗಾಗಿತ್ತು, ಈಚೆಗೂ ಆಗಿದೆ. ಮಂಕಾದ ವರ್ಷಗಳ ಫೋಟೋ ಮೋಡದ ಒಳಭಾಗ ನೋಡಲು ಒಳ್ಳೆಯದು. ಆದರೆ ಆಗಿನ ಒಳಭಾಗವನ್ನು ಬೆಳಗಿದ ವರ್ಷದ ಚಿತ್ರದ ಜೊತೆ ಕಳೆದರೆ ಉಳಿಯುವುದು ಬೆಳಕಿನ ವ್ಯತ್ಯಾಸ, ಹಿಗ್ಗು ಅಲ್ಲ. ನಡುವಿನ ಹದಿನೈದು ಇಪ್ಪತ್ತು ಆರ್ಕ್ ಸೆಕೆಂಡಿಗೆ ಮುಸುಕು ಹಾಕಿ, ಅಂಚಿನ ಮೇಲೆ ಮಾತ್ರ ಅಳತೆ ಮಾಡುವುದು ನನ್ನ ರೂಢಿ.

ಮುಂದಿನ ಸಲಕ್ಕೆ

ತೆಗೆದ ಕಚ್ಚಾ ಫೈಲುಗಳನ್ನು, ಡಾರ್ಕ್ ಮತ್ತು ಫ್ಲ್ಯಾಟ್ (ಕ್ಯಾಮೆರಾದ ದೋಷ ಕಳೆಯಲು ತೆಗೆಯುವ ಚಿತ್ರಗಳು) ಸಮೇತ, ಎರಡು ಕಡೆ ಇಡಿ. ಫೈಲಿನ ಹೆಸರಲ್ಲೇ ದಿನಾಂಕ, ಫಿಲ್ಟರಿನ ಅಗಲ ಬರೆಯಿರಿ. ಕ್ಯಾಮೆರಾ ಬದಲಾದರೂ ಆ ಫಿಲ್ಟರನ್ನು ಮಾರಬೇಡಿ, ಹತ್ತು ವರ್ಷದ ಮೇಲೆ ಅದರಲ್ಲೇ ಇನ್ನೊಂದು ತೆಗೆಯಬೇಕು. ಹತ್ತು ವರ್ಷಕ್ಕೆ ಉಂಗುರದ ಅಂಚು 0.64 ಆರ್ಕ್ ಸೆಕೆಂಡ್ ಸರಿಯುತ್ತದೆ, 0.78ರ ಪಿಕ್ಸೆಲ್‌ನಲ್ಲಿ ಒಂದಕ್ಕೆ ಸ್ವಲ್ಪ ಕಡಿಮೆ. ಕಡಿಮೆ ಅನ್ನಿಸಬಹುದು, ಆದರೆ ಅಂಚಿನ ಉದ್ದಕ್ಕೂ ನೂರಾರು ಪಿಕ್ಸೆಲ್ ಒಟ್ಟಿಗೆ ಸರಿಯುವುದರಿಂದ ಕಳೆದಾಗ ಗೆರೆ ಎದ್ದು ಕಾಣುತ್ತದೆ. ನನ್ನ ಮೊದಲ ಒಳ್ಳೆಯ ಆಮ್ಲಜನಕದ ಚಿತ್ರ ಹುಲ್ಲಿನ ಮೇಲಿನ ಆ ಮೂರು ಕಲ್ಲಿನಿಂದಲೇ ತೆಗೆದದ್ದು. ಕಲ್ಲುಗಳನ್ನು ಅಲ್ಲೇ ಬಿಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ ಸುತ್ತಲಿನ ಹುಲ್ಲು ಸವರಿ, ಸುಣ್ಣ ಬಳಿದಿಡುತ್ತೇನೆ, ಕತ್ತಲಲ್ಲಿ ಕಾಣಲಿ ಅಂತ.